‘ಕಾವೇರಿ’ ಜೆಟ್ ಎಂಜಿನ್ನಿನ ವಿದ್ಯುನ್ಮಾನ ನಿಯಂತ್ರಣ

ರಾಮನಗರವನ್ನು ಹಾದು ಬರುವ ಅರ್ಕಾವತಿಯು ಕನಕಪುರ ತಾಲ್ಲೂಕಿನ ಸಂಗಮದಲ್ಲಿ ಕಾವೇರಿಯನ್ನು ಸೇರುತ್ತದೆ. ಬೆಂಗಳೂರಿನ ಜಿ.ಟಿ.ಆರ್.ಇ. ಸಂಸ್ಥೆಯು ತಾನು ರೂಪಿಸಿದ ಯುದ್ಧವಿಮಾನದ ಎಂಜಿನ್ನಿಗೆ ಈ ನದಿಯ ಹೆಸರನ್ನೂ, ಅದರ ಗರ್ಭಯಂತ್ರಕ್ಕೆ ಉಪನದಿ ಕಬಿನಿಯ ಹೆಸರನ್ನೂ ಇರಿಸಿತು. 1989ರಲ್ಲಿ ಮಂಜೂರಾದ ಈ ಯೋಜನೆಯನ್ನು ನೂಕುಬಲದ ಕೊರತೆಯಿಂದಷ್ಟೇ ಅಳೆಯುವುದು ರೂಢಿ. ಅದರ ನಿಯಂತ್ರಣ ವ್ಯವಸ್ಥೆಯೂ ಅಷ್ಟೇ ವಿಚಾರಾರ್ಹವಾದುದು.

ಆರಂಭದ ಜೆಟ್ ಎಂಜಿನ್ನುಗಳಲ್ಲಿ ಇಂಧನದ ಹರಿವನ್ನು ಸ್ಪ್ರಿಂಗ್, ಕವಾಟಗಳ ಯಾಂತ್ರಿಕ ಜೋಡಣೆಯೇ ನಿರ್ಧರಿಸುತ್ತಿತ್ತು. 1969ರಲ್ಲಿ ಹಾರಿದ ಕಾಂಕಾರ್ಡಿನ ಎಂಜಿನ್ನಿನಲ್ಲಿ ವಿದ್ಯುನ್ಮಾನ ನಿಯಂತ್ರಣವಿತ್ತು. 1980ರ ದಶಕದಲ್ಲಿ ಪೂರ್ಣಾಧಿಕಾರವುಳ್ಳ ಅಂಕೀಯ ನಿಯಂತ್ರಣವು ನಾಗರಿಕ ವಿಮಾನಗಳಿಗೂ ಬಂದಿತು. ಸಂವೇದಕಗಳು ವೇಗ, ಒತ್ತಡ, ಉಷ್ಣತೆಗಳನ್ನು ತಿಳಿಸುತ್ತವೆ. ಗಣಕವು ಇಂಧನದ ಪ್ರಮಾಣವನ್ನು ಲೆಕ್ಕ ಹಾಕುತ್ತದೆ. ಹೀಗೆ ದಾಖಲಾದ ದತ್ತಾಂಶವೇ ಎಂಜಿನ್ನಿನ ಸವೆತದ ಮುನ್ಸೂಚನೆಯನ್ನೂ ನೀಡುತ್ತದೆ. ಕಾವೇರಿಗಾಗಿ ‘ಕಾಡೆಕು’ ಎಂಬ ಇಂತಹ ಘಟಕವು ರೂಪುಗೊಂಡಿತು.

2001ರ ಜನವರಿ 4ರಂದು ತೇಜಸ್ ಹಾರಿದ್ದು ಅಮೆರಿಕದ ಎಫ್-404 ಎಂಜಿನ್ನಿನಿಂದ. 2008ರಲ್ಲಿ ಕಾವೇರಿಯನ್ನು ಆ ವಿಮಾನದಿಂದ ಬೇರ್ಪಡಿಸಲಾಯಿತು. ಆದರೂ 2010ರ ನವೆಂಬರಿನಲ್ಲಿ ರಷ್ಯಾದಲ್ಲಿ ಇಲ್ಯೂಷಿನ್-76 ವಿಮಾನಕ್ಕೆ ಅಳವಡಿಸಿ ಅದನ್ನು ಆಕಾಶದಲ್ಲಿ ಪರೀಕ್ಷಿಸಲಾಯಿತು.

ಎಂಜಿನ್ನನ್ನು ಕೊಳ್ಳಬಹುದು; ಆದರೆ ಅದರ ನಿಯಂತ್ರಣ ಸೂತ್ರಗಳನ್ನು ತಿದ್ದುವ ಅಧಿಕಾರ ಸಾಮಾನ್ಯವಾಗಿ ತಯಾರಕರಲ್ಲೇ ಉಳಿಯುತ್ತದೆ. ಸ್ವಂತ ಪರೀಕ್ಷೆಗಳ ದತ್ತಾಂಶವಿಲ್ಲದೆ ಆ ಸೂತ್ರಗಳನ್ನು ರಚಿಸಲಾಗದು. ತೇಜಸ್‌ಗೆ ಒದಗದ ಕಾವೇರಿಯು ಈ ದತ್ತಾಂಶವನ್ನು ಒದಗಿಸಿತು. ಮರುದಹನರಹಿತ ಕಾವೇರಿಯನ್ನು ಮಾನವರಹಿತ ವಿಮಾನಕ್ಕಾಗಿ ರೂಪಿಸುವ ಯತ್ನಕ್ಕೆ ಇದೇ ಆಧಾರವಾಗಿದೆ.