ಗೊದಮೊಟ್ಟೆಯ ಬಾಲದಿಂದ ಪ್ರತಿಕಾಯದವರೆಗೆ

ಸಿರುಗುಪ್ಪ, ಕುರುಗೋಡು ಕಡೆಯ ಭತ್ತದ ಗದ್ದೆಗಳಲ್ಲಿ ಗೊದಮೊಟ್ಟೆಗಳನ್ನು ನೀವು ನೋಡಿರಬಹುದು. ಅವು ಕಪ್ಪೆಗಳಾಗುವಾಗ ಬಾಲ ಕಳಚಿ ಬೀಳುವುದಿಲ್ಲ, ಕರಗಿಹೋಗುತ್ತದೆ. ಇದು ಸುಲಭದ ಕೆಲಸವಲ್ಲ. ಸಂಯೋಜಕ ಅಂಗಾಂಶಕ್ಕೆ ಬಲ ಕೊಡುವ ಕೊಲಾಜೆನ್‌ನಲ್ಲಿ ಮೂರು ಎಳೆಗಳು ಹಗ್ಗದಂತೆ ಹೊಸೆದುಕೊಂಡಿರುತ್ತವೆ. ಈ ರಚನೆಯನ್ನು 1954ರಲ್ಲಿ ಮದರಾಸಿನಲ್ಲಿ ಮಂಡಿಸಿದವರು ಜಿ.ಎನ್. ರಾಮಚಂದ್ರನ್ ಮತ್ತು ಗೋಪಿನಾಥ ಕರ್ತಾ. ಟ್ರಿಪ್ಸಿನ್‌ನಂತಹ ಕಿಣ್ವಗಳಿಗೆ ಈ ಹಗ್ಗ ಸುಲಭವಾಗಿ ತುಂಡಾಗದು. ಹಾಗಾದರೆ ಬಾಲವನ್ನು ಕರಗಿಸುವುದು ಯಾವುದು?

ಬಳ್ಳಾರಿ ನಗರದಲ್ಲಿ ವೈದ್ಯಕೀಯ ಕಾಲೇಜು ಆರಂಭವಾದದ್ದು 1961ರಲ್ಲಿ. ಅದರ ಮರುವರ್ಷ ಅಮೆರಿಕದಲ್ಲಿ ಜೆರೋಮ್ ಗ್ರಾಸ್ ಮತ್ತು ಚಾರ್ಲ್ಸ್ ಲ್ಯಾಪಿಯೇರ್ ಉತ್ತರ ಕಂಡುಕೊಂಡರು. ಗೊದಮೊಟ್ಟೆಯ ಬಾಲದ ಜೀವಂತ ಚೂರನ್ನು ಕೊಲಾಜೆನ್ ಜೆಲ್ ಮೇಲೆ ಇರಿಸಿದಾಗ ಸುತ್ತಲಿನ ಜೆಲ್ ಕರಗಿತು. ಜೀವಕೋಶಗಳು ಸ್ರವಿಸಿದ ಆ ಕಿಣ್ವವೇ ಕೊಲಾಜಿನೇಸ್.

ಇಂತಹ ಕಿಣ್ವಕ್ಕೆ ಕಡಿವಾಣವೂ ಬೇಕಷ್ಟೆ. ಪ್ರಯೋಗಾಲಯದಲ್ಲಿ ಬೆಳೆಸಿದ ಮಾನವ ಚರ್ಮದ ಕೋಶಗಳು ಅದರ ಪ್ರತಿಬಂಧಕವನ್ನೂ ತಯಾರಿಸುತ್ತವೆಂದು 1975ರಲ್ಲಿ ತಿಳಿಯಿತು. 184 ಅಮೈನೋ ಆಮ್ಲಗಳ ಆ ಪ್ರೋಟೀನಿನ ಅನುಕ್ರಮ 1985ರಲ್ಲಿ ಪ್ರಕಟವಾಯಿತು. ಅದಕ್ಕೆ ಇಂದು ಟಿಂಪ್-1 ಎಂದು ಹೆಸರು. ಇದೇ ಕುಟುಂಬದಲ್ಲಿ ಇನ್ನೂ ಮೂರು ಸದಸ್ಯರಿದ್ದಾರೆ.

ಆದರೆ ಪ್ರತಿಬಂಧಕವನ್ನು ಗುರುತಿಸುವುದು ಹೇಗೆ? ಅದರ ಒಂದು ಅಣು ಕಿಣ್ವದ ಒಂದು ಅಣುವಿಗೆ ಅಂಟಿದರೆ ಜೆಲ್ ಕರಗದು. ಕಿಣ್ವವೇ ಇಲ್ಲದಿದ್ದರೂ ಕರಗದು! ಜೆಲ್ ಮಾತ್ರ ನೋಡಿದರೆ ಈ ಎರಡಕ್ಕೂ ವ್ಯತ್ಯಾಸ ತಿಳಿಯದು. ಇಲ್ಲಿ ನೆರವಿಗೆ ಬಂದದ್ದು ಪ್ರತಿಕಾಯ. ಅದು ಪ್ರೋಟೀನನ್ನು ಕೆಲಸದಿಂದಲ್ಲ, ಆಕಾರದಿಂದ ಗುರುತಿಸುತ್ತದೆ. 1975ರಲ್ಲೇ ಕೇಂಬ್ರಿಜ್‌ನಲ್ಲಿ ಕೋಲರ್ ಮತ್ತು ಮಿಲ್‌ಸ್ಟೀನ್ ಒಂದೇ ಬಗೆಯ ಪ್ರತಿಕಾಯವನ್ನು ನಿರಂತರವಾಗಿ ಪಡೆಯುವ ವಿಧಾನ ರೂಪಿಸಿದರು. ಅಂಗಾಂಶದ ತೆಳು ಸೀಳಿಗೆ ಟಿಂಪ್ ಪ್ರತಿಕಾಯ ಹಾಕಿ, ಅದನ್ನು ಹಿಡಿಯುವ, ಪೆರಾಕ್ಸಿಡೇಸ್ ಜೋಡಿಸಿದ ಎರಡನೆಯ ಪ್ರತಿಕಾಯವನ್ನೂ ಸೂಕ್ತ ರಾಸಾಯನಿಕವನ್ನೂ ಸೇರಿಸಿದರೆ, ಟಿಂಪ್ ಇರುವೆಡೆ ಕಂದು ಬಣ್ಣ ಮೂಡುತ್ತದೆ.

ಬಣ್ಣ ಬಂದ ಮಾತ್ರಕ್ಕೆ ನಂಬಬಹುದೆ? ಪ್ರತಿಕಾಯ ಬೇರೆ ಪ್ರೋಟೀನಿಗೂ ಅಂಟಿರಬಹುದು. ಆದ್ದರಿಂದ ಮೊದಲ ಪ್ರತಿಕಾಯ ಹಾಕದ ಒಂದು ಸೀಳು, ಟಿಂಪ್ ಇಲ್ಲವೆಂದು ಖಚಿತವಾಗಿರುವ ಇನ್ನೊಂದು ಸೀಳು ಜೊತೆಗಿರಬೇಕು. ಎರಡರಲ್ಲೂ ಬಣ್ಣ ಮೂಡಬಾರದು. ಇಷ್ಟಾದರೂ ಬಣ್ಣ ಹೇಳುವುದು ಟಿಂಪ್ ಎಲ್ಲಿದೆ ಎಂಬುದನ್ನು. ಅದು ಕಿಣ್ವವನ್ನು ತಡೆಯುತ್ತಿದೆಯೇ ಎಂಬುದನ್ನಲ್ಲ. ಸಂಧಿವಾತದಲ್ಲಿ ಮೃದ್ವಸ್ಥಿ ಸವೆಯುವುದರ ಹಿಂದೆ ಈ ಕಿಣ್ವ–ಪ್ರತಿಬಂಧಕಗಳ ಸಮತೋಲನದ ಏರುಪೇರೂ ಇರುವುದರಿಂದ, ಇಲ್ಲಿ ತಪ್ಪಿದರೆ ಔಷಧದ ಹುಡುಕಾಟವೂ ದಾರಿ ತಪ್ಪುತ್ತದೆ. ಪ್ರತಿಕಾಯಕ್ಕೆ ಬಣ್ಣದ ಪರೀಕ್ಷೆ, ಕಿಣ್ವಕ್ಕೆ ಗ್ರಾಸ್ ಅವರ ಹಳೆಯ ಜೆಲ್: ಎರಡನ್ನೂ ಒಟ್ಟಿಗೆ ಓದುವುದನ್ನು ವಿದ್ಯಾರ್ಥಿಗಳಿಗೆ ಕಲಿಸಿರಿ.