ಕತ್ತು ಮಾತ್ರ ಕಂಡ ಸೈನಿಕ

ದಪ್ಪ ಕತ್ತಿನ ಒಬ್ಬ ಸೋವಿಯತ್ ಸೈನಿಕ ನಮಗೆ ಬೆನ್ನು ಹಾಕಿ ನಿಂತಿದ್ದಾನೆ. ಮುಖವಿಲ್ಲ. ಟೋಪಿ, ಅದರ ಕೆಳಗೆ ಮಡಿಕೆ ಬಿದ್ದ ಕತ್ತು, ಅಷ್ಟೇ. ಜೊತೆಗೆ ರಷ್ಯನ್ ಲಿಪಿಯಲ್ಲಿ ಎರಡೇ ಪದ: 'ತವಾರಿಶ್ಚಿ, ಕನ್ಯೆತ್ಸ್'. ಕಾಮ್ರೇಡರೇ, ಮುಗಿಯಿತು ಎಂದರ್ಥ. 1990ರ ಚುನಾವಣೆಯಲ್ಲಿ ಹಂಗೇರಿಯನ್ ಡೆಮಾಕ್ರಟಿಕ್ ಫೋರಂ ಎಂಬ ಪಕ್ಷ ಈ ಭಿತ್ತಿಚಿತ್ರವನ್ನು ಬಳಸಿಕೊಂಡಿತು. ಬರೆದವರು ಇಸ್ತ್ವಾನ್ ಒರೋಸ್.

ಹಂಗೇರಿಯವರಿಗೆ ಹಂಗೇರಿಯನ್ ಭಾಷೆಯಲ್ಲಿ ಹೇಳದೆ ರಷ್ಯನ್ನಿನಲ್ಲಿ ಹೇಳಿದ್ದೇಕೆ? ಅಲ್ಲಿನ ಶಾಲೆಗಳಲ್ಲಿ 1989ರವರೆಗೂ ರಷ್ಯನ್ ಕಲಿಕೆ ಕಡ್ಡಾಯವಾಗಿತ್ತು. ಮಕ್ಕಳು ಒಲ್ಲದ ಮನಸ್ಸಿನಿಂದ ಕಲಿತರು, ಬಹಳಷ್ಟನ್ನು ಮರೆತರು. ಆದರೆ ಈ ಎರಡು ಪದ ಯಾರಿಗೆ ತಾನೇ ತಿಳಿಯದು? ಹೇರಿದ ಭಾಷೆಯಲ್ಲೇ ಹೇರಿದವನನ್ನು ಬೀಳ್ಕೊಟ್ಟ ರೀತಿ ಇದು. ಇನ್ನೂ ಒಂದು ತಮಾಷೆಯಿದೆ. ಹಂಗೇರಿಯನ್ನಿನಲ್ಲಿ 'ಒರೋಸ್' ಎಂದರೆ ರಷ್ಯನ್ ಎಂದೇ ಅರ್ಥ!

ಒರೋಸ್ ಹುಟ್ಟಿದ್ದು 1951ರಲ್ಲಿ, ಕೆಚ್ಕೆಮೇಟ್ ಎಂಬ ಊರಿನಲ್ಲಿ. 1956ರ ನವೆಂಬರಿನಲ್ಲಿ ಸೋವಿಯತ್ ಟ್ಯಾಂಕುಗಳು ಬುಡಾಪೆಸ್ಟಿನ ಬಂಡಾಯವನ್ನು ತುಳಿದು ಹಾಕಿದಾಗ ಐದು ವರ್ಷದ ಹುಡುಗ. ಬುಡಾಪೆಸ್ಟಿನ ಕಲಾಶಾಲೆಯಲ್ಲಿ ಅವರಿಗೆ ಪಾಠ ಹೇಳಿದವರಲ್ಲಿ ಬಣ್ಣದ ಘನದಿಂದ ಲೋಕಪ್ರಸಿದ್ಧರಾದ ಎರ್ನೊ ರೂಬಿಕ್ ಒಬ್ಬರು. 1975ರಲ್ಲಿ ಓದು ಮುಗಿಯಿತು. ಆಮೇಲೆ ನಾಟಕ, ಸಿನಿಮಾಗಳ ಭಿತ್ತಿಚಿತ್ರ, ಪನ್ನೋನಿಯಾ ಸ್ಟುಡಿಯೋದಲ್ಲಿ ಅನಿಮೇಷನ್ ಚಿತ್ರ.

ವಿಮರ್ಶಕರು ಅವರನ್ನು ಅತಿವಾಸ್ತವವಾದಿ ಎನ್ನುತ್ತಾರೆ. ಕನಸಿನ ಚಿತ್ರಗಳೇನೋ ನಿಜ, ಆದರೆ ಅಳತೆಪಟ್ಟಿ ಹಿಡಿದು ಕಂಡ ಕನಸುಗಳು. 'ನಿಗೂಢ ದ್ವೀಪ' ಎಂಬ ಚಿತ್ರವನ್ನೇ ನೋಡಿ. ಹಿಮ ಕವಿದ ಒಂದು ಭೂದೃಶ್ಯ. ಅದರ ಮೇಲೆ ಕೊಳವೆಯಾಕಾರದ ಕನ್ನಡಿಯೊಂದನ್ನು ನಿಲ್ಲಿಸಿದರೆ ಹಿಮವೆಲ್ಲ ಬಾಗಿ, ಕೂಡಿ, ಆ ಹೆಸರಿನ ಕಾದಂಬರಿ ಬರೆದ ಜೂಲ್ಸ್ ವೆರ್ನ್‌ರ ಮುಖವಾಗುತ್ತದೆ. ಕನ್ನಡಿ ತೆಗೆದರೆ ಮತ್ತೆ ಹಿಮ. ಬಾಗಿದ ಕನ್ನಡಿಯಲ್ಲಿ ಬೆಳಕು ಎಲ್ಲಿ ತಾಗಿ ಎಲ್ಲಿಗೆ ಹೊರಳುತ್ತದೆಂಬ ಲೆಕ್ಕಕ್ಕೆ ಸಾವಿರ ವರ್ಷದ ಹಿಂದೆ ತಲೆ ಕೊಟ್ಟವರು ಬಸರಾದಲ್ಲಿ ಹುಟ್ಟಿದ ಇಬ್ನುಲ್ ಹೈತಮ್. ಅವರ 'ಕಿತಾಬುಲ್ ಮನಾಝಿರ್' ಲ್ಯಾಟಿನ್ನಿಗೆ ಹೋಗಿ ಯುರೋಪಿಗೆ ನೋಟದ ಶಾಸ್ತ್ರವನ್ನು ಕಲಿಸಿತು. ಕಣ್ಣು ಕಂಡದ್ದೆಲ್ಲ ಇದ್ದಂತೆಯೇ ಇರುವುದಿಲ್ಲ ಎಂದು ಬಲ್ಲವರು ಅವರು.

1984ರಿಂದ ಒರೋಸ್ ತಮ್ಮ ಕೆಲವು ಚಿತ್ರಗಳಿಗೆ 'ಉಟಿಸ್' ಎಂದು ರುಜು ಹಾಕತೊಡಗಿದರು. ಗ್ರೀಕಿನಲ್ಲಿ 'ಯಾರೂ ಅಲ್ಲ' ಎಂದರ್ಥ. ಒಕ್ಕಣ್ಣಿನ ರಾಕ್ಷಸನ ಗವಿಯಲ್ಲಿ ಸಿಕ್ಕಿಬಿದ್ದ ಒಡಿಸ್ಯೂಸ್ ತನ್ನ ಹೆಸರನ್ನು ಹಾಗೆ ಹೇಳಿದ್ದ. ಕಣ್ಣು ಕಳೆದುಕೊಂಡ ರಾಕ್ಷಸ 'ಯಾರೂ ಅಲ್ಲ ನನ್ನನ್ನು ಕೊಲ್ಲುತ್ತಿದ್ದಾನೆ' ಎಂದು ಕೂಗಿಕೊಂಡರೆ ಯಾರು ನೆರವಿಗೆ ಬಂದಾರು! ಒಂದೇ ಪಕ್ಷದ ಕಣ್ಣು ಎಲ್ಲದರ ಮೇಲೂ ಇದ್ದ ನಾಡಿನ ಕಲಾವಿದನೊಬ್ಬ ಈ ಹೆಸರನ್ನು ಆರಿಸಿಕೊಂಡದ್ದು ಬರೀ ತಮಾಷೆಗೆಂದು ನಾವು ನಂಬುವುದಿಲ್ಲ.

ಭಿತ್ತಿಚಿತ್ರದಲ್ಲಿ ಕನ್ನಡಿ ಬೇಕಾಗಲಿಲ್ಲ, ಮಾತು ನೇರವಾಗಿತ್ತು. ಅದಕ್ಕೇ ಲೋಕ ಅದನ್ನು ನೆನಪಿಟ್ಟುಕೊಂಡಿದೆ. ನಮಗಾದರೋ ಆ ಹಿಮದ ಚಿತ್ರವೇ ಹೆಚ್ಚು ಇಷ್ಟ. ಕತ್ತನ್ನಾದರೂ ಒಮ್ಮೆ ನೋಡಿ ಮುಂದೆ ನಡೆಯಬಹುದು. ಹಿಮದಲ್ಲಿ ಮುಖ ಹುಡುಕುವವನು ಅಲ್ಲೇ ನಿಲ್ಲಬೇಕಾಗುತ್ತದೆ. ಸೋವಿಯತ್ ಸೇನೆಯ ಕೊನೆಯ ತುಕಡಿ ಹಂಗೇರಿ ಬಿಟ್ಟದ್ದು 1991ರ ಜೂನಿನಲ್ಲಿ. 'ಯಾರೂ ಅಲ್ಲ' ಎಂದು ರುಜು ಹಾಕುತ್ತಿದ್ದವರಿಗೆ 2011ರಲ್ಲಿ ಅವರ ದೇಶ ಕೊಶುತ್ ಪ್ರಶಸ್ತಿಯನ್ನು ಕೊಟ್ಟಿತು, ಸ್ವಂತ ಹೆಸರಿಗೇ.