ದಿಂಡಿಗಲ್ ಬೀಗ: ಯಾವ ಕೀಲಿಗೆ ಯಾವ ಬಾಗಿಲು?

ತಮಿಳುನಾಡಿನ ದಿಂಡಿಗಲ್ಲಿಗೂ ಕನ್ನಡನಾಡಿಗೂ ಹಳೆಯ ನಂಟು. 1755ರಲ್ಲಿ ಮೈಸೂರಿನ ಫೌಜುದಾರನಾಗಿ ಇಲ್ಲಿಗೆ ಬಂದ ಹೈದರ್ ಅಲಿ ಮುಂದೆ ರಾಜ್ಯವನ್ನೇ ಆಳಿದ. 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಊರು ಈಸ್ಟ್ ಇಂಡಿಯಾ ಕಂಪನಿಯ ಪಾಲಾಯಿತು. ಕೋಟೆ ಬೆಟ್ಟದ ಮೇಲೆ ಉಳಿಯಿತು; ಊರಿನ ಹೆಸರನ್ನು ಮನೆಮನೆಗೆ ಮುಟ್ಟಿಸಿದ್ದು ಬೀಗ.

ಮಾವಿನಕಾಯಿಯ ಆಕಾರದ ‘ಮಾಂಗಾ ಪೂಟ್ಟು’ ಇಂದಿಗೂ ಆ ಕಸುಬಿನ ಗುರುತು. ಒಳಗೆ ತೆಳುವಾದ ಲೀವರುಗಳು ಒಂದರ ಮೇಲೊಂದು ಕೂತಿರುತ್ತವೆ. ಪ್ರತಿ ಲೀವರನ್ನೂ ಕೀಲಿಯ ಹಲ್ಲು ಇಂತಿಷ್ಟೇ ಎತ್ತಬೇಕು. ತುಸು ಹೆಚ್ಚಾದರೂ ಕಡಿಮೆಯಾದರೂ ಬೋಲ್ಟು ಸರಿಯದು. ಇಂಗ್ಲೆಂಡಿನ ರಾಬರ್ಟ್ ಬ್ಯಾರನ್ 1778ರಲ್ಲಿ ಪೇಟೆಂಟ್ ಪಡೆದ ತತ್ವವಿದು. ಕೆಲಸಗಾರ ಅರದಿಂದ ಹಲ್ಲನ್ನು ಉಜ್ಜುತ್ತಾನೆ, ತಿರುಗಿಸಿ ನೋಡುತ್ತಾನೆ, ಮತ್ತೆ ಉಜ್ಜುತ್ತಾನೆ. ಆ ಬೀಗಕ್ಕೆ ಆ ಕೀಲಿಯೇ ಆಗಬೇಕು: ಒಂದಕ್ಕೆ ಒಂದು.

ಹಾಸ್ಟೆಲಿನ ಮೇಲ್ವಿಚಾರಕರಿಗೆ ಅದು ಸಾಲದು. ಪ್ರತಿ ಕೋಣೆಗೂ ಬೇರೆ ಕೀಲಿ ಇದ್ದರೂ ಎಲ್ಲವನ್ನೂ ತೆರೆಯುವ ಮಾಸ್ಟರ್ ಕೀ ಅವರ ಬಳಿ ಇರಬೇಕು. ಇದು ಒಂದಕ್ಕೆ ಹಲವು.

ಬ್ಯಾಂಕ್ ಲಾಕರಿನ ಲೆಕ್ಕ ಇನ್ನೂ ಸೂಕ್ಷ್ಮ. ಪ್ರತಿ ಬೀಗಕ್ಕೆ ಎರಡು ಕೀಲಿ, ಗ್ರಾಹಕರದೊಂದು, ಬ್ಯಾಂಕಿನದೊಂದು; ಬ್ಯಾಂಕಿನ ಅದೇ ಕೀಲಿ ಹಲವು ಲಾಕರುಗಳಿಗೂ ಹೊಂದುತ್ತದೆ. ಹಲವಕ್ಕೆ ಹಲವು.

ಡೇಟಾಬೇಸ್ ಕಟ್ಟುವವರು ದಿನವೂ ಬಳಸುವ ಮೂರು ಸಂಬಂಧಗಳೂ ಇವೇ. 1970ರಲ್ಲಿ ಐಬಿಎಂನ ಎಡ್ಗರ್ ಕಾಡ್ ಮಾಹಿತಿಯನ್ನು ಕೋಷ್ಟಕಗಳಲ್ಲಿ ಇಡುವ ಮಾದರಿಯನ್ನು ಮುಂದಿಟ್ಟರು. 1976ರಲ್ಲಿ ಕಂಪ್ಯೂಟರ್ ವಿಜ್ಞಾನಿ ಪೀಟರ್ ಚೆನ್, ವಸ್ತುಗಳ ಜೊತೆಗೆ ಅವುಗಳ ನಡುವಿನ ಸಂಬಂಧಕ್ಕೂ ಡೇಟಾಬೇಸಿನ ಚಿತ್ರದಲ್ಲಿ ಸ್ವಂತ ಜಾಗ ಕೊಟ್ಟರು. ಸಂಬಂಧಕ್ಕೂ ತನ್ನದೇ ವಿವರಗಳಿರಬಹುದು ಎಂಬುದು ಅವರ ಮಾದರಿಯ ದೊಡ್ಡ ಬಲ. ಲಾಕರ್ ತೆರೆದ ದಿನಾಂಕ ಗ್ರಾಹಕರ ವಿವರವಲ್ಲ, ಲಾಕರಿನ ವಿವರವೂ ಅಲ್ಲ, ಅವೆರಡರ ನಡುವಿನ ಸಂಬಂಧದ ವಿವರ; ಅದಕ್ಕೆಂದೇ ಬ್ಯಾಂಕಿನಲ್ಲಿ ಪ್ರತ್ಯೇಕ ರಿಜಿಸ್ಟರ್ ಇರುತ್ತದೆ. ಹಲವಕ್ಕೆ ಹಲವು ಸಂಬಂಧ ಬಂದಾಗ ಡೇಟಾಬೇಸಿನಲ್ಲೂ ಇಂಥ ಮೂರನೆಯ ಕೋಷ್ಟಕ ಬೇಕಾಗುತ್ತದೆ.

ಯಾರು ಏನನ್ನು ತೆರೆಯಬಹುದು ಎಂಬುದು ಮೊದಲು ತೀರ್ಮಾನವಾಗಬೇಕು. ಹಲ್ಲು ಕೊರೆಯುವುದು, ಕೋಷ್ಟಕ ಬರೆಯುವುದು ಆಮೇಲಿನ ಕೆಲಸ. ಬೀಗದ ಕಸುಬಿನವರಿಗೆ ಇದು ಕಂಪ್ಯೂಟರ್ ಬರುವ ಮೊದಲೇ ಗೊತ್ತಿತ್ತು.

ಅಲಿಗಢದ ಯಂತ್ರದ ಬೀಗಗಳು ಅಗ್ಗದ ಬೆಲೆಗೆ ಬಂದ ಮೇಲೆ ದಿಂಡಿಗಲ್ಲಿನ ಕೈಕೆಲಸ ಸೊರಗಿತು. 2019ರಲ್ಲಿ ದಿಂಡಿಗಲ್ ಬೀಗಕ್ಕೆ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿತು. ಮಾನ್ಯತೆ ಹೆಸರನ್ನು ಕಾಯುತ್ತದೆ; ಕಸುಬು ಉಳಿಯಬೇಕಾದರೆ ಬೀಗ ಕೊಳ್ಳುವವರು ಬೇಕು.